ನ್ಯೂಜಿಲೆಂಡಿಗೆ ಹೊರಟವರೇ, ಕಿಲೋಮೀಟರ್ ಬಿಡ್ರಿ, ತಾಸಿನ ಲೆಕ್ಕ ಹಾಕ್ರಿ

ಗೆಳೆಯರೊಬ್ಬರು ದಸರಾ ಸೂಟಿಗೆ ಮನೆಮಂದಿಯನ್ನೆಲ್ಲ ಕರೆದುಕೊಂಡು ನ್ಯೂಜಿಲೆಂಡಿಗೆ ಹೊರಟಿದ್ದಾರೆ. ಅಲ್ಲಿ ಕಾರು ಬಾಡಿಗೆಗೆ ಹಿಡಿದು ತಾವೇ ಓಡಿಸುವ ವಿಚಾರ. "ಅಣ್ಣಾ, ಒಮ್ಮೆ ಕಣ್ಣಾಡ್ಸಿ ಹೇಳ್ರಿ" ಅಂತ ಪ್ಲ್ಯಾನ್ ಕಳಿಸಿದ್ದರು. ಎಂಟು ದಿನ. ಆಕ್ಲೆಂಡಿನಲ್ಲಿ ಇಳಿಯುವುದು, ರೊಟೊರುವಾ, ವೆಲ್ಲಿಂಗ್ಟನ್, ಅಲ್ಲಿಂದ ಹಡಗು ಹತ್ತಿ ದಕ್ಷಿಣ ದ್ವೀಪ, ಕೈಕೌರಾ, ಕ್ರೈಸ್ಟ್‌ಚರ್ಚ್, ಟೆಕಾಪೊ, ಕ್ವೀನ್ಸ್‌ಟೌನ್, ಕೊನೆಗೆ ಬಂಡೆ ಬೆಟ್ಟಗಳ ನಡುವೆ ಕಡಲು ಒಳಹೊಕ್ಕ ಮಿಲ್ಫರ್ಡ್ ಸೌಂಡ್. ಜೊತೆಗೆ ಎಪ್ಪತ್ತು ದಾಟಿದ ಅವ್ವ, ಒಂದನೇ ಇಯತ್ತೆಯ ಮಗಳು. ಗಾಡಿ ಓಡಿಸುವವರು ಅವರೊಬ್ಬರೇ.

ನಾನು ಹೇಳಿದ್ದು ಇಷ್ಟೇ: ಉತ್ತರ ದ್ವೀಪವನ್ನು ಪೂರ್ತಿ ತೆಗೆದುಹಾಕಿ. ದಕ್ಷಿಣ ದ್ವೀಪದಲ್ಲೂ ಅರ್ಧ ಬಿಡಿ. ಅವರಿಗೆ ಬೇಸರವಾಯಿತು. "ಅಷ್ಟು ದುಡ್ಡು ಹಾಕಿ ಹೋಗಾಕತ್ತೀವಿ, ನೋಡ್ಲಾರ್ದ ಬರೂದೇನ್ರಿ?" ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ನಮ್ಮಂಥವರಿಗೆ ಇದು ವರ್ಷವರ್ಷ ಮಾಡುವ ಪ್ರವಾಸವಲ್ಲ. ಆದರೆ ಅದೇ ಕಾರಣಕ್ಕೆ ನಾನು ಗಟ್ಟಿಯಾಗಿ ಹೇಳುತ್ತೇನೆ: ಆ ಎಂಟು ದಿನದಲ್ಲಿ ಅವರು ನೋಡುವುದು ಡಾಂಬರು ರಸ್ತೆಯನ್ನು, ಅವ್ವ ನೋಡುವುದು ಮುಂದಿನ ಸೀಟಿನ ಬೆನ್ನನ್ನು.

ಕಾಗದದ ಮೇಲೆ ಆ ದೇಶ ಸಣ್ಣದು. ದಕ್ಷಿಣ ದ್ವೀಪದ ವಿಸ್ತೀರ್ಣ ಸುಮಾರು 1.5 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ್ದು 1.92 ಲಕ್ಷ. ಆ ದ್ವೀಪದ ಜನಸಂಖ್ಯೆ ಹನ್ನೆರಡು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ 47 ಲಕ್ಷಕ್ಕೂ ಹೆಚ್ಚು ಜನ ಇದ್ದರು. ರಸ್ತೆ ಖಾಲಿ, ಸಿಗ್ನಲ್ ಇಲ್ಲ, ನಮ್ಮ ಹಾಗೆಯೇ ಎಡಕ್ಕೆ ಓಡಿಸುವುದು, ಸ್ಟೇರಿಂಗ್ ಕೂಡ ಬಲಕ್ಕೆ. ಇದನ್ನೆಲ್ಲ ಕೇಳಿದವರಿಗೆ ಪುಣೆ ಹೈವೇ ಹಿಡಿದಂತೆ ಸರ್ರನೆ ಹೋಗಬಹುದು ಅನ್ನಿಸುವುದು ಸಹಜ.

ಹಾಗಾಗುವುದಿಲ್ಲ. ಬೆಳಗಾವಿಯಿಂದ ಪಣಜಿ ಎಷ್ಟು ದೂರ ಅಂತ ಯಾರಾದರೂ ಕೇಳಿದರೆ ನಾವು ಕಿಲೋಮೀಟರ್ ಹೇಳುತ್ತೇವೇನು? "ಚೋರ್ಲಾ ಮ್ಯಾಲೆ ಹಾದ್ರ ಮೂರು ತಾಸ್ರಿ, ಮಳಿ ಇದ್ರ ಹೇಳಾಕ ಬರೂದಿಲ್ಲ" ಅಂತೇವೆ. ದಕ್ಷಿಣ ದ್ವೀಪದ ರಸ್ತೆಗಳನ್ನೂ ಹಾಗೆಯೇ ಅಳೆಯಬೇಕು. ಊರ ಹೊರಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅಂತ ಬೋರ್ಡು ಇರುತ್ತದೆ. ಆದರೆ ಬಹುತೇಕ ಕಡೆ ಹೋಗಲೊಂದು, ಬರಲೊಂದು ಅಷ್ಟೇ ಸಾಲು, ನಡುವೆ ಡಿವೈಡರ್ ಇಲ್ಲ, ತಿರುವಿನ ಮೇಲೆ ತಿರುವು. ಕ್ವೀನ್ಸ್‌ಟೌನ್ ಮತ್ತು ಮಿಲ್ಫರ್ಡ್ ನಕ್ಷೆಯಲ್ಲಿ ಅಕ್ಕಪಕ್ಕ ಕಾಣುತ್ತವೆ. ಆದರೆ ನಡುವೆ ಬೆಟ್ಟದ ಸಾಲು, ನೇರ ರಸ್ತೆಯೇ ಇಲ್ಲ. ಟೆ ಅನಾವ್ ಊರನ್ನು ಸುತ್ತಿ ಹೋಗಬೇಕು, ಒಂದು ದಿಕ್ಕಿಗೆ ಸುಮಾರು 290 ಕಿ.ಮೀ. ಒಂದೇ ದಿನದಲ್ಲಿ ಹೋಗಿ ಬರುತ್ತೇವೆ ಅಂತ ಬರೆದುಕೊಳ್ಳುವವರು ಬಹಳ. ಅದನ್ನು ಬಸ್ಸಿನ ಚಾಲಕನಿಗೆ ಬಿಡಿ. ನೀವು ಓಡಿಸುವುದಾದರೆ ಟೆ ಅನಾವ್‌ನಲ್ಲಿ ಎರಡು ರಾತ್ರಿ ಉಳಿಯಿರಿ.

ಎರಡು ರಾತ್ರಿ ಯಾಕೆ ಅಂದರೆ ಮಳೆ. ಈ ದ್ವೀಪದ ಮಳೆ ಅರ್ಥವಾಗದೆ ಪ್ಲ್ಯಾನ್ ಮಾಡಬಾರದು, ಮತ್ತು ಅದನ್ನು ಅರ್ಥ ಮಾಡಿಕೊಳ್ಳಲು ಬೆಳಗಾವಿಯವರಿಗಿಂತ ಅನುಕೂಲ ಇರುವವರು ಕಡಿಮೆ. ಮಲಪ್ರಭೆ ಹುಟ್ಟುವ ಕಣಕುಂಬಿಯಲ್ಲಿ ಜುಲೈ ತಿಂಗಳಲ್ಲಿ ಆಕಾಶ ಹರಿದು ಬಿದ್ದಿರುತ್ತದೆ. ಖಾನಾಪುರ ದಾಟಿ, ಬೈಲಹೊಂಗಲ ದಾಟಿ, ಅದೇ ನದಿಯ ಜೊತೆಗೆ ಸವದತ್ತಿಗೆ ಬಂದರೆ ರೈತರು ಮುಗಿಲು ನೋಡುತ್ತ ಕೂತಿರುತ್ತಾರೆ. ಕಡಲ ಗಾಳಿ ಸಹ್ಯಾದ್ರಿಗೆ ಬಡಿದು, ಮೇಲೇರಿ, ತಂಪಾಗಿ ಅಲ್ಲೇ ಸುರಿದುಬಿಡುತ್ತದೆ, ಆಚೆಗೆ ಉಳಿಯುವುದು ಸ್ವಲ್ಪ. ದಕ್ಷಿಣ ದ್ವೀಪದಲ್ಲೂ ನಡೆಯುವುದು ಇದೇ. ಪಡುವಣದಿಂದ ಬೀಸುವ ಗಾಳಿಗೆ ಸದರ್ನ್ ಆಲ್ಪ್ಸ್ ಅಡ್ಡ ನಿಂತಿದೆ. ಅದರಲ್ಲಿ ಎತ್ತರದ್ದು ಅವೊರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್. ಪಶ್ಚಿಮಕ್ಕಿರುವ ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ 6,000 ಮಿ.ಮೀ. ಮೀರಿ ಮಳೆ. ಬೆಟ್ಟದ ಆಚೆ, ಒಟಾಗೊ ಒಳನಾಡಿನ ಅಲೆಕ್ಸಾಂಡ್ರಾದಲ್ಲಿ 400 ಮಿ.ಮೀ. ಕೂಡ ಆಗುವುದಿಲ್ಲ. ಅದು ನಮ್ಮ ವಿಜಯಪುರಕ್ಕಿಂತ ಒಣ.

ಹಾಗಾಗಿ ಮಿಲ್ಫರ್ಡ್‌ಗೆ ಒಂದೇ ದಿನ ಇಟ್ಟುಕೊಂಡವರು ಆ ದಿನದ ಗಾಳಿಗೆ ಎಲ್ಲವನ್ನೂ ಒಪ್ಪಿಸಿಬಿಟ್ಟಂತೆ. ಮಳೆ ಬಂದರೆ ನೋಡಲು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಳೆಯಲ್ಲಿ ಆ ಕಪ್ಪು ಬಂಡೆಗಳ ಮೇಲಿಂದ ಎಣಿಸಲಾರದಷ್ಟು ಜಲಪಾತಗಳು ಇಳಿಯುತ್ತವೆ, ಅಂಬೋಲಿಯನ್ನು ಶ್ರಾವಣದಲ್ಲಿ ನೋಡಿದವರಿಗೆ ಅದರ ಅಂದಾಜು ಸಿಕ್ಕೀತು. ತೊಂದರೆ ರಸ್ತೆಯದು. ಟೆ ಅನಾವ್‌ನಿಂದ ಮಿಲ್ಫರ್ಡ್‌ಗೆ ಹೋಗುವ 94ನೇ ಹೆದ್ದಾರಿ ಸುಮಾರು 120 ಕಿ.ಮೀ. ಚಳಿಗಾಲದಿಂದ ವಸಂತದ ತನಕ ಅದರ ಮೇಲೆ ಹಿಮಕುಸಿತದ ಭಯ. ಅಪಾಯ ಕಂಡರೆ ರಸ್ತೆಯನ್ನು ಮುಚ್ಚುತ್ತಾರೆ, ಕೆಲವು ದಿನ ಗಾಲಿಗೆ ಕಟ್ಟುವ ಸರಪಳಿ ಗಾಡಿಯಲ್ಲಿ ಇರಲೇಬೇಕು ಅನ್ನುತ್ತಾರೆ. ನಮ್ಮ ದಸರಾ ಅಲ್ಲಿಯ ವಸಂತ, ಆ ಅವಧಿಯೊಳಗೇ ಬರುತ್ತದೆ. ದಾರಿಯ ಬಹುಭಾಗ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ, ಪೆಟ್ರೋಲಿನ ಭರವಸೆಯೂ ಇಲ್ಲ. ಟೆ ಅನಾವ್‌ನಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆ ಫೋನಿನಲ್ಲಿ ಇಳಿಸಿಕೊಂಡು ಹೊರಡಬೇಕು.

ಆ ದಾರಿಯಲ್ಲಿ ಹೋಮರ್ ಸುರಂಗ ಬರುತ್ತದೆ. 1935ರಲ್ಲಿ, ಕೆಲಸವಿಲ್ಲದೆ ಜನ ಕಂಗಾಲಾಗಿದ್ದ ಕಾಲದಲ್ಲಿ, ಗುದ್ದಲಿ ಮತ್ತು ಕೈಗಾಡಿ ಹಿಡಿದ ಕೂಲಿಗಳಿಂದ ಅದರ ಕೆಲಸ ಶುರುವಾಯಿತು. ಗಾಡಿಗಳು ಓಡಾಡಿದ್ದು 1954ರಲ್ಲಿ. 1.2 ಕಿ.ಮೀ. ಉದ್ದ, ಬಂಡೆಯನ್ನು ಕಡಿದ ಗುರುತು ಒಳಗೋಡೆಯ ಮೇಲೆ ಹಾಗೇ ಇದೆ, ಮಿಲ್ಫರ್ಡ್ ಕಡೆಗೆ ಕಡಿದಾದ ಇಳಿಜಾರು. ನಾವು ಮನೆಮಂದಿ ಹೋದಾಗ ಸುರಂಗದ ಬಾಯಿಯಲ್ಲಿ ಕೆಂಪು ದೀಪ ಹತ್ತಿತ್ತು, ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲಿಂದಲೋ ಒಂದು ಕಿಯಾ ಗಿಳಿ ಬಂದು ಮುಂದಿನ ಕಾರಿನ ಮೇಲೆ ಕೂತಿತು. ಕೋಳಿಯಷ್ಟು ದೊಡ್ಡದು, ಪಾಚಿ ಹಸಿರು ಬಣ್ಣ, ರೆಕ್ಕೆ ಎತ್ತಿದರೆ ಒಳಗೆ ಬೆಂಕಿಯಂಥ ಕಿತ್ತಳೆ. ಕೊಕ್ಕಿನಿಂದ ಕಿಟಕಿಯ ರಬ್ಬರು ಪಟ್ಟಿಯನ್ನು ಹಿಡಿದು, ತಲೆ ಓರೆ ಮಾಡಿ, ಚೂರುಚೂರೇ ಎಳೆಯತೊಡಗಿತು. ನಮ್ಮ ಅವ್ವ ಗಾಜಿಗೆ ಮುಖ ಹಚ್ಚಿ "ಅಯ್ಯ, ಎಷ್ಟ್ ಶಾಣ್ಯಾ ಐತಿ ನೋಡೊ, ಏನರ ತಿನ್ನಾಕ ಹಾಕೊ" ಅಂದಳು. ಹಾಕಬಾರದು. ಅಳಿವಿನಂಚಿನ ಹಕ್ಕಿ ಅದು, ಜನ ತಿನ್ನಲು ಕೊಟ್ಟರೆ ರಸ್ತೆಗೆ ಹೊಂದಿಕೊಂಡು ಗಾಡಿಗೆ ಸಿಕ್ಕಿ ಸಾಯುತ್ತದೆ. ಅವ್ವನಿಗೆ ಹೇಳಿದ ಮೇಲೆ ಒಪ್ಪಿದಳು, ಆದರೆ ದೀಪ ಹಸಿರಾಗುವ ತನಕ ಅದರ ಜೊತೆ ಮಾತಾಡುತ್ತಲೇ ಇದ್ದಳು. ಇಡೀ ಪ್ರವಾಸದಲ್ಲಿ ಅವಳು ಇವತ್ತಿಗೂ ಮಂದಿಗೆ ಹೇಳುವುದು ಈ ಗಿಳಿಯ ವಿಷಯ. ಗಡಿಬಿಡಿಯಲ್ಲಿದ್ದರೆ ಆ ಹತ್ತು ನಿಮಿಷ ನನಗೆ ಬರೀ ತಡವಾಗಿ ಕಾಣುತ್ತಿತ್ತು.

ರಸ್ತೆ ಅಲ್ಲಿ ಯಾವತ್ತೂ ಇರುತ್ತದೆ ಅಂತ ನಂಬಿ ದಿನಗಳನ್ನು ಒಂದಕ್ಕೊಂದು ಅಂಟಿಸಬೇಡಿ. 2016ರ ನವೆಂಬರಿನಲ್ಲಿ ಕೈಕೌರಾ ಬಳಿ 7.8 ತೀವ್ರತೆಯ ಭೂಕಂಪವಾದಾಗ ಕಡಲ ಬದಿಯ 1ನೇ ಹೆದ್ದಾರಿ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. 2019ರ ಮಾರ್ಚಿನಲ್ಲಿ ಫ್ರಾಂಝ್ ಜೋಸೆಫ್ ಊರಿನ ಹತ್ತಿರ ವೈಹೊ ನದಿ ಸೇತುವೆಯನ್ನೇ ಹೊತ್ತುಕೊಂಡು ಹೋಯಿತು. ಪಶ್ಚಿಮ ಕರಾವಳಿಯಲ್ಲಿ ಪರ್ಯಾಯ ದಾರಿ ಅಂದರೆ ದ್ವೀಪವನ್ನೇ ಅರ್ಧ ಸುತ್ತಬೇಕು. ಅದಕ್ಕೇ ಎಂಟು ದಿನದವರಿಗೆ ನಾನು ಪಶ್ಚಿಮ ಕರಾವಳಿ ಬೇಡ ಅನ್ನುವುದು. ಕ್ರೈಸ್ಟ್‌ಚರ್ಚ್‌ನಲ್ಲಿ ಗಾಡಿ ಹಿಡಿದು ಟೆಕಾಪೊ, ಮೌಂಟ್ ಕುಕ್, ಲಿಂಡಿಸ್ ಪಾಸ್ ಹತ್ತಿ ವಾನಾಕಾ, ಕ್ವೀನ್ಸ್‌ಟೌನ್, ಟೆ ಅನಾವ್, ಮಿಲ್ಫರ್ಡ್. ಮರಳಿ ಕ್ವೀನ್ಸ್‌ಟೌನಿನಲ್ಲೇ ಗಾಡಿ ಒಪ್ಪಿಸಿ ವಿಮಾನ ಹತ್ತುವುದು. ಬಂದ ದಾರಿಯಲ್ಲೇ ತಿರುಗಿ ಹೋಗುವುದಕ್ಕಿಂತ ಬೇರೆ ಊರಲ್ಲಿ ಗಾಡಿ ಬಿಡುವ ಶುಲ್ಕ ಕೊಡುವುದು ಲೇಸು. ಪುಕಾಕಿ ಕೆರೆಯ ದಂಡೆಯ ರಸ್ತೆಗೆ ಅರ್ಧ ದಿನ ಇಡಿ. ಹಿಮನದಿ ಅರೆದ ಕಲ್ಲಿನ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಹಾಲುನೀಲಿ ಬಣ್ಣ. ಬಿಸಿಲು ಸರಿದಂತೆಲ್ಲ ಅದು ಬದಲಾಗುತ್ತದೆ, ಓಡುವ ಗಾಡಿಯಿಂದ ಅದು ತಿಳಿಯುವುದಿಲ್ಲ. ಟೆಕಾಪೊದಲ್ಲಿ ರಾತ್ರಿ ಉಳಿಯಲೇಬೇಕು, ಆ ಸೀಮೆ 2012ರಿಂದ ನಕ್ಷತ್ರ ನೋಡಲೆಂದು ಕಾಯ್ದಿಟ್ಟ ಕತ್ತಲ ಪ್ರದೇಶ.

ಒಂಟಿ ಸಾಲಿನ ಸೇತುವೆಗಳ ಬಗ್ಗೆ ಹೊರಡುವ ಮೊದಲೇ ಮನೆಯಲ್ಲಿ ಕೂತು ಓದಿಕೊಳ್ಳಿ. ನೀಲಿ ಚೌಕದಲ್ಲಿ ದೊಡ್ಡ ಬಿಳಿ ಬಾಣ ನಿಮ್ಮ ಕಡೆಯದಿದ್ದರೆ ಮೊದಲ ಹಕ್ಕು ನಿಮ್ಮದು. ಕೆಂಪು ಅಂಚಿನ ದುಂಡು ಫಲಕದಲ್ಲಿ ಸಣ್ಣ ಕೆಂಪು ಬಾಣ ನಿಮ್ಮದಾಗಿದ್ದರೆ ನಿಂತು ಎದುರಿನವರಿಗೆ ಬಿಡಬೇಕು. ಹೆಡ್‌ಲೈಟ್ ಹೊಡೆದು ಮುನ್ನುಗ್ಗುವ ನಮ್ಮ ಕಡೆಯ ರೂಢಿ ಅಲ್ಲಿ ಜೀವ ತೆಗೆಯುತ್ತದೆ. ಹಿಂದೆ ಗಾಡಿಗಳು ಸೇರಿಕೊಂಡರೆ ಜಾಗ ಸಿಕ್ಕಲ್ಲಿ ಎಡಕ್ಕೆ ಸರಿದು ಬಿಟ್ಟುಕೊಡಿ. ಏಳು ತುಂಬದ ಮಕ್ಕಳಿಗೆ ಪ್ರತ್ಯೇಕ ಸೀಟು ಕಡ್ಡಾಯ, ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ಬಾಡಿಗೆ ಕರಾರಿನಲ್ಲಿ ಯಾವ ರಸ್ತೆಗೆ ವಿಮೆ ಇಲ್ಲ ಅನ್ನುವುದನ್ನು ಓದಿ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆ ಅಂಥದ್ದು.

ಬುತ್ತಿಯ ಮಾತು ಬಂದೇ ಬರುತ್ತದೆ. ನಮ್ಮವರು ಹೊರಟರೆಂದರೆ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕುಂದಾ ಡಬ್ಬಿ ಬ್ಯಾಗಿಗೆ ಬಿದ್ದೇ ಬೀಳುತ್ತವೆ. ನ್ಯೂಜಿಲೆಂಡ್ ದನ ಕುರಿ ಸಾಕಿ ಬದುಕುವ ದೇಶ. ಅಲ್ಲಿ ಕಾಲುಬಾಯಿ ಬೇನೆ ಇಲ್ಲ, ನಮ್ಮಲ್ಲಿ ಇದೆ. ಆ ಬೇನೆ ದನದ ಕೊಟ್ಟಿಗೆಗೆ ಬಂದರೆ ಏನಾಗುತ್ತದೆ ಅನ್ನುವುದು ನಮ್ಮ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಹಾಲಿನ ಪದಾರ್ಥ, ಜೇನು, ಹಣ್ಣು, ಬೀಜ ಒಯ್ಯಬೇಡಿ. ಕುಂದಾ ಇಲ್ಲೇ ಇರಲಿ. ಉಳಿದ ತಿನಿಸು ಒಂದು ಚೂರಿದ್ದರೂ ಫಾರ್ಮಿನಲ್ಲಿ ಬರೆದು, ತೆರೆದು ತೋರಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಅಲ್ಲಿಯ ಮೋಟೆಲ್‌ಗಳಲ್ಲಿ ಬಹಳ ಕಡೆ ಸಣ್ಣ ಅಡುಗೆಮನೆ ಇರುತ್ತದೆ, ಕ್ರೈಸ್ಟ್‌ಚರ್ಚ್‌ನಲ್ಲಿ ಭಾರತೀಯ ಅಂಗಡಿಗಳಿವೆ. ಬ್ಯಾಳಿ ಅಕ್ಕಿ ಅಲ್ಲೇ ಕೊಂಡು ರಾತ್ರಿ ಬಿಸಿ ಅನ್ನ ಸಾರು ಮಾಡಿ ಉಣ್ಣಬಹುದು. ವಯಸ್ಸಾದವರಿಗೆ ಅದೊಂದು ಸಿಕ್ಕರೆ ಮರುದಿನ ಪ್ರಯಾಣ ಎಷ್ಟೋ ಹಗುರ.

ಇಳಿದ ದಿನ ಗಾಡಿ ಮುಟ್ಟಬೇಡಿ ಅನ್ನುವುದನ್ನು ಮಾತ್ರ ನಾನು ಕೈ ಮುಗಿದು ಕೇಳುತ್ತೇನೆ. ಬೆಳಗಾವಿಯಿಂದ ಬೆಂಗಳೂರೋ ಮುಂಬೈಯೋ, ಅಲ್ಲಿಂದ ಸಿಂಗಾಪುರದಂಥ ಕಡೆ ವಿಮಾನ ಬದಲಿಸಿ ಮುಟ್ಟುವಷ್ಟರಲ್ಲಿ ದೇಹ ಜಜ್ಜಿಹೋಗಿರುತ್ತದೆ. ಅಲ್ಲಿಯ ಬೇಸಿಗೆಯಲ್ಲಿ ಗಡಿಯಾರ ನಮಗಿಂತ ಏಳೂವರೆ ತಾಸು ಮುಂದೆ. ಬೆಳಿಗ್ಗೆ ಒಂಬತ್ತಕ್ಕೆ ಸ್ಟೇರಿಂಗ್ ಹಿಡಿದರೆ ಮೈಗೆ ಅದು ನಡುರಾತ್ರಿ ಒಂದೂವರೆ. ಖಾಲಿ, ನೇರ ರಸ್ತೆಯಲ್ಲಿ ಕಣ್ಣು ಮುಚ್ಚಲು ಎರಡು ಕ್ಷಣ ಸಾಕು. ಒಂದು ರಾತ್ರಿ ನಿದ್ದೆ ಮಾಡಿ, ಮರುದಿನದಿಂದಲೂ ನಾಲ್ಕು ತಾಸಿಗಿಂತ ಹೆಚ್ಚು ಓಡಿಸಬೇಡಿ.

ನಮ್ಮ ಮನೆಗಳಲ್ಲಿ ಓಡಿಸುವುದು ಗಂಡಸರೊಬ್ಬರೇ ಅನ್ನುವ ರೂಢಿ ಇದೆಯಲ್ಲ, ಅದನ್ನು ಈ ಪ್ರವಾಸದಲ್ಲಾದರೂ ಮುರಿಯಿರಿ. ನನ್ನ ಹೆಂಡತಿ ದಿನಾ ಹಿಂದವಾಡಿಯಿಂದ ಕ್ಯಾಂಪ್ ತನಕ, ಶಾಲೆ ಬಿಡುವ ಹೊತ್ತಿನ ಗದ್ದಲದಲ್ಲಿ ಕಾರು ಓಡಿಸುತ್ತಾಳೆ. ಲಿಂಡಿಸ್ ಪಾಸ್ ಅವಳೇ ಓಡಿಸಿದಳು. ಎರಡೂ ಬದಿ ಬಂಗಾರದ ಬಣ್ಣದ ಹುಲ್ಲಿನ ಗುಡ್ಡಗಳು, ಒಂದು ಮರವಿಲ್ಲ. ನಾನು ಎಡಗಡೆ ಸೀಟಿನಲ್ಲಿ ಕೂತು ಮನಸಾರೆ ನೋಡಿದೆ, ಹಿಂದೆ ಅವ್ವ ಮತ್ತು ಮಗ ಮೋಡದ ನೆರಳು ಯಾವ ಗುಡ್ಡ ಹತ್ತುತ್ತದೆ ಅಂತ ಪಂದ್ಯ ಕಟ್ಟುತ್ತಿದ್ದರು. ಗೆಳೆಯರಿಗೂ ಅದನ್ನೇ ಹೇಳಿದ್ದೇನೆ: ವೈನಿಯ ಹೆಸರಿನಲ್ಲೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ. ಆರ್‌ಟಿಓದಲ್ಲಿ ಪಾಸ್‌ಪೋರ್ಟ್ ಪ್ರತಿ ಕೊಟ್ಟು ಅರ್ಜಿ ಹಾಕಬೇಕು, ಒಂದು ವರ್ಷದ ಅವಧಿ ಇರುತ್ತದೆ, ಜೊತೆಗೆ ಮೂಲ ಲೈಸೆನ್ಸೂ ಕೈಯಲ್ಲಿರಬೇಕು. ಎರಡನೇ ಚಾಲಕರಿಗೆ ಕೆಲವು ಬಾಡಿಗೆ ಕಂಪನಿಗಳು ಹೆಚ್ಚಿಗೆ ದುಡ್ಡು ಕೇಳುತ್ತವೆ, ಕೆಲವು ಕೇಳುವುದಿಲ್ಲ. ಕೇಳಿದರೂ ಕೊಡಿ, ಮತ್ತು ಬುಕಿಂಗ್ ಮಾಡುವಾಗಲೇ ಇಬ್ಬರ ಹೆಸರನ್ನೂ ಬರೆಸಿ.