ಮುಟ್ಟು ನಿಂತರೆ ಫಿಟ್ ಆದ ಹಾಗಲ್ಲ

30 ಕಿಲೋಮೀಟರ್ ಓಡಿ ಮನೆಗೆ ಬಂದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಹಸಿವೇ ಆಗುವುದಿಲ್ಲ. ಹತ್ತಿರ ಹತ್ತಿರ 2000 ಕ್ಯಾಲೊರಿ ಖರ್ಚಾಗಿರುತ್ತದೆ, ಆದರೂ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಜೋರಾಗಿ ದಣಿದಾಗ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಸ್ವಲ್ಪ ಹೊತ್ತು ತಗ್ಗುವುದು ಇದಕ್ಕೊಂದು ಕಾರಣ. ನಾನು ಸುಮ್ನೆ ಖುಷಿಗೆ ಓಡುವವನು. ಇದನ್ನೇ ದಿನಾ ಎರಡು ಹೊತ್ತು, ವರ್ಷಗಟ್ಟಲೆ ಮಾಡುವವರ ಮೈಯೊಳಗೆ ಏನಾಗಬೇಡ?

ಬರ ಬಂದ ವರ್ಷ ಮದುವೆ ಮುಂದಕ್ಕೆ ಹಾಕುತ್ತಾರಲ್ಲ, ದೇಹವೂ ಅದನ್ನೇ ಮಾಡುತ್ತದೆ. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ತಾಸು ಎರಡು ತಾಸಿಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ಒಂದು ಸೂಚನೆ ಕಳಿಸುತ್ತಿರುತ್ತದೆ. ಊಟ ಸಾಲದೇ ಹೋದರೆ ಆ ಸೂಚನೆ ನಿಧಾನವಾಗುತ್ತದೆ. ಹೆಂಗಸರಲ್ಲಿ ಈಸ್ಟ್ರೊಜೆನ್ ಇಳಿದು ಮುಟ್ಟು ನಿಲ್ಲಬಹುದು, ಗಂಡಸರಲ್ಲಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಥೈರಾಯ್ಡ್‌ನ ಟಿ3 ಹಾರ್ಮೋನು ಕೂಡ ಕಡಿಮೆಯಾಗುತ್ತದೆ.

ಹಾಗಾದರೆ ತಪ್ಪು ಓಟದ್ದಾ? ಪೂರ್ತಿ ಅಲ್ಲ. ಆ್ಯನ್ ಲೌಕ್ಸ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಿ ನೋಡಿದರು. ವ್ಯಾಯಾಮ ಮಾಡಿಸಿದರೂ ಅದರ ಖರ್ಚಿಗೆ ತಕ್ಕಷ್ಟು ತಿನ್ನಿಸಿದರೆ ಹಾರ್ಮೋನಿನ ಲಯ ಕೆಡಲಿಲ್ಲ. ವ್ಯಾಯಾಮದ ಖರ್ಚು ಕಳೆದು, ಕೊಬ್ಬು ಬಿಟ್ಟ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಿಮೆ ಉಳಿದಾಗ ಮಾತ್ರ ಕೆಟ್ಟಿತು. ಅದೂ ಬರೀ 5 ದಿನದಲ್ಲಿ! ನನಗಂತೂ ಇದನ್ನು ಓದಿದಾಗ ನಂಬಲಿಕ್ಕೇ ಆಗಲಿಲ್ಲ.

ರೇಸ್ ಮುಗಿದಾಗ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿರುವುದು ಸಹಜ. ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಮೂಳೆಗೆ. ಈಸ್ಟ್ರೊಜೆನ್ ಇಲ್ಲದಿದ್ದರೆ ಮೂಳೆ ಸವೆಯುವುದು ಜಾಸ್ತಿ, ಕಟ್ಟುವುದು ಕಡಿಮೆ. 17 ವರ್ಷಕ್ಕೇ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಓಡಿದ್ದ ಅಮೆರಿಕದ ಮೇರಿ ಕೇನ್ 2019ರಲ್ಲಿ ಬಾಯಿಬಿಟ್ಟು ಹೇಳಿದರು: ತೂಕ ಇಳಿಸುವ ಒತ್ತಡದಲ್ಲಿ 3 ವರ್ಷ ಮುಟ್ಟಾಗಲಿಲ್ಲ, 5 ಮೂಳೆ ಮುರಿದವು. ಇಷ್ಟಾದರೂ 'ಮುಟ್ಟು ನಿಂತಿದೆ ಅಂದ್ರೆ ತಯಾರಿ ಚೆನ್ನಾಗಿದೆ' ಅನ್ನುವವರು ಇದ್ದಾರೆ. ಕೇಳಿದರೆ ಮೈ ಉರಿಯುತ್ತದೆ.

ಗಂಡಸರ ಕಥೆ ಇನ್ನೂ ಕಷ್ಟ. ಅವರಿಗೆ ತಿಂಗಳಿಗೊಮ್ಮೆ ಬರುವ ಎಚ್ಚರಿಕೆಯೇ ಇಲ್ಲ. ಆಸೆ ಕುಗ್ಗುತ್ತದೆ, ಬೆಳಗಿನ ನಿಮಿರುವಿಕೆ ನಿಲ್ಲುತ್ತದೆ, ಮುಖ ಸಿಡುಕಾಗುತ್ತದೆ. ಯಾರ ಹತ್ತಿರ ಹೇಳಿಕೊಳ್ಳುತ್ತಾರೆ? ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಕೂಡ ಇದು ಹೆಂಗಸರದ್ದಷ್ಟೇ ಅಲ್ಲ ಎಂದು ಒಪ್ಪಿ 'ರೆಡ್-ಎಸ್' (ಕ್ರೀಡೆಯಲ್ಲಿ ಶಕ್ತಿಯ ಕೊರತೆ) ಎಂದು ಹೊಸ ಹೆಸರಿಟ್ಟಿದ್ದು 2014ರಲ್ಲಿ.

ಇನ್ನು ಕೆಲವರು ಗರ್ಭನಿರೋಧಕ ಮಾತ್ರೆ ಕೊಟ್ಟು ಸ್ರಾವ ತರಿಸಿ 'ಸರಿಹೋಯ್ತು' ಅಂದುಬಿಡುತ್ತಾರೆ. ಅದು ಮಾತ್ರೆ ತರಿಸಿದ ರಕ್ತ ಅಷ್ಟೇ, ಒಳಗಿನ ಲಯ ಹಾಗೇ ನಿಂತಿರುತ್ತದೆ. ನಿಜವಾದ ಮದ್ದು ಊಟ ಹೆಚ್ಚಿಸುವುದು, ತರಬೇತಿ ತಗ್ಗಿಸುವುದು, ತಿಂಗಳುಗಟ್ಟಲೆ ಕಾಯುವುದು. ಓಟ ಎಷ್ಟು ಜೋರಾಗಿತ್ತು ಎಂದು ಹೇಳುವ ಲ್ಯಾಕ್ಟೇಟ್ ನೋಡಲು ಕಿವಿ ಚುಚ್ಚಿ ರಕ್ತ ತೆಗೆಯುವ ಕೋಚ್‌ಗಳಿಗೆ 'ಈ ತಿಂಗಳು ಮುಟ್ಟಾಯ್ತಾ, ಸರಿಯಾಗಿ ಉಂಡ್ಯಾ' ಅಂತ ಕೇಳಲು ಮಾತ್ರ ಅದೇನು ನಾಚಿಕೆಯೋ.