‘ನಿಷ್ಪಕ್ಷಪಾತ’ದ ಪಾಡು
‘ನಿಷ್ಪಕ್ಷಪಾತ’ ಎಂಬ ಪದವನ್ನು ಸುದ್ದಿಗಳಲ್ಲಿ, ಸಭೆಗಳಲ್ಲಿ, ಮನವಿ ಪತ್ರಗಳಲ್ಲಿ ‘ತಟಸ್ಥ’ ಎಂಬುದಕ್ಕೆ ಬದಲಿಯಾಗಿ ಬಳಸುವುದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ತಟಸ್ಥನೆಂದರೆ ದಡದಲ್ಲಿ ನಿಂತವನು; ನೀರಿನಲ್ಲಿ ಯಾರು ಮುಳುಗಿದರೂ ಅವನಿಗೆ ಸಂಬಂಧವಿಲ್ಲ. ನಿಷ್ಪಕ್ಷಪಾತಿಯಾದವನು ಹಾಗೆ ನಿಲ್ಲುವಂತಿಲ್ಲ: ಎರಡೂ ಕಡೆಯ ಮಾತು ಕೇಳಿ, ಸಾಕ್ಷ್ಯವನ್ನು ತೂಗಿ ನೋಡಿ, ತಪ್ಪು ಯಾರದೆಂದು ಬಾಯಿಬಿಟ್ಟು ಹೇಳುವುದೇ ಅವನ ಕೆಲಸ. ಸಂವಿಧಾನದ 3ನೇ ಅನುಸೂಚಿಯಂತೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಾಧೀಶರು ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ಕರ್ತವ್ಯ ನಿರ್ವಹಿಸುವುದಾಗಿ ಪ್ರಮಾಣ ಮಾಡುತ್ತಾರೆಯೇ ಹೊರತು ತೀರ್ಪನ್ನೇ ಕೊಡುವುದಿಲ್ಲವೆಂದಲ್ಲ. ಆದರೂ ಜಗಳ ಬಿಡಿಸಲು ಕರೆತಂದ ಹಿರಿಯರು ‘ಇಬ್ಬರದೂ ತಪ್ಪಿದೆ, ನಾನು ನಿಷ್ಪಕ್ಷಪಾತಿ’ ಎಂದು ಹೇಳಿ ಎದ್ದುಹೋದರೆ ಎಲ್ಲರೂ ತಲೆದೂಗುತ್ತಾರೆ. ಒಂದು ಕಡೆಯವರ ತಪ್ಪನ್ನು ಎತ್ತಿ ತೋರಿಸಿದವರಿಗೆ ಮಾತ್ರ ಪಕ್ಷಪಾತಿಯೆಂಬ ಪಟ್ಟ. ಇದು ಸಾಲದೆಂಬಂತೆ ‘ನಿಷ್ಪಕ್ಷಪಾತರಹಿತ ತನಿಖೆ ನಡೆಯಲಿ’ ಎಂದು ಒತ್ತಾಯಿಸುವವರೂ ಇದ್ದಾರೆ. ಪದದ ಮೊದಲಿನ ‘ನಿಷ್’ ಈಗಾಗಲೇ ‘ಇಲ್ಲ’ವೆಂದು ಹೇಳಿರುವಾಗ ಕೊನೆಗೆ ‘ರಹಿತ’ವನ್ನೂ ಅಂಟಿಸಿದರೆ ಬೇಡಿಕೆಯೇ ತಿರುಗುಮುರುಗಾಗಿ, ಪಕ್ಷಪಾತದಿಂದಲೇ ತನಿಖೆ ಮಾಡಿ ಎಂದಂತಾಗುತ್ತದೆ (ಕೆಲವೊಮ್ಮೆ ಅವರ ಮನಸ್ಸಿನಲ್ಲಿರುವುದೂ ಅದೇ ಎಂಬ ಗುಮಾನಿ ನನಗಿದೆ). ‘ಪಕ್ಷಪಾತವಿಲ್ಲದ ತನಿಖೆ’ ಎಂದು ನೇರವಾಗಿ ಬರೆದರೆ ಯಾರ ಗಂಟು ಹೋಗುತ್ತದೆ?