ದುರ್ಗದಬೈಲ್ ರಾತ್ರಿ ಒಂದರ ತನಕ ತೆರೆದಿರಬೇಕಾ?

ಪರ: ರಾತ್ರಿ ದುಡಿಯುವವರೂ ಈ ಊರಿನವರೇ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಹಳೇ ಪೇಟೆಯ ದುರ್ಗದಬೈಲಿನಲ್ಲಿ ತಿಂಡಿ ಗಾಡಿಗಳನ್ನು ಈಗ ರಾತ್ರಿ ಹತ್ತೂವರೆ, ಹನ್ನೊಂದರ ಸುಮಾರಿಗೇ ಮುಚ್ಚಿಸುತ್ತಾರೆ. ನಾನು ಕೇಳುತ್ತಿರುವುದು ಒಂದರ ತನಕ ಊಟ-ತಿಂಡಿಗೆ ಅವಕಾಶ. ಬಾರ್‌ಗಳ ಸಮಯ ಹೆಚ್ಚಿಸಿ ಅಂತ ಅಲ್ಲ. ಎರಡನ್ನೂ ಸೇರಿಸಿ ಮಾತಾಡುವುದರಿಂದಲೇ ಈ ಚರ್ಚೆ ದಾರಿ ತಪ್ಪುತ್ತದೆ. ರಾತ್ರಿ ಹನ್ನೊಂದರ ಮೇಲೆ ಹೊರಗಿದ್ದವರೆಲ್ಲ ಕುಡಿಯೋಕೆ ಬಂದವರು ಅನ್ನೋ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ.

ಹಾಗಾದರೆ ಹೊರಗೆ ಯಾರಿದ್ದಾರೆ? ಕಿಮ್ಸ್ ಆಸ್ಪತ್ರೆಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯಿಂದ ಪೇಷಂಟ್ ಬರುತ್ತಾರೆ. ಒಬ್ಬ ಪೇಷಂಟ್ ಹಿಂದೆ ಮನೆಯವರು ಇಬ್ಬರು ಮೂವರು. ಸ್ಕ್ಯಾನಿಂಗು, ರಕ್ತ, ಔಷಧಿ ಅಂತ ಓಡಾಡಿ ಮುಗಿಯೋ ಹೊತ್ತಿಗೆ ರಾತ್ರಿ ಬಹಳ ಆಗಿರುತ್ತದೆ. ಊರಿಂದ ಕಟ್ಟಿಕೊಂಡು ಬಂದ ರೊಟ್ಟಿ ಬುತ್ತಿ ಮೊದಲ ದಿನವೇ ಖಾಲಿ. ಆಮೇಲೆ ಬಿಸ್ಕಿಟ್ ಪುಡಾ, ಬಾಳೆಹಣ್ಣು. ಅಮರಗೋಳದ ಎಪಿಎಂಸಿಯಲ್ಲಿ ಲಾರಿ ಬಂದ ಹೊತ್ತಿಗೆ ಹಮಾಲರು ಚೀಲ ಇಳಿಸಬೇಕು. ಆಟೋದವರು ಕೊನೆಯ ರೈಲಿಗೆ ಕಾಯುತ್ತಾರೆ. ನರ್ಸುಗಳು, ಸೆಕ್ಯೂರಿಟಿಯವರು, ಪ್ರೆಸ್ಸಿನವರು ಇದ್ದಾರೆ. ಅತ್ತ ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ-ಹುಡುಗಿಯರು ನಡುರಾತ್ರಿ ತನಕ ಲೈಬ್ರರಿಯಲ್ಲಿ ಕೂತಿರುತ್ತಾರೆ. ನಾನು ಹುಬ್ಬಳ್ಳಿಯ ಮಾತು ಹೇಳುತ್ತಿದ್ದರೂ ಅವರ ಹಸಿವೂ ಇದೇ ಲೆಕ್ಕಕ್ಕೆ ಬರುತ್ತದೆ.

ಕಾರು ಇದ್ದವರಿಗೆ ಬೈಪಾಸಿನ ಧಾಬಾ ಇದೆ. ಸ್ಮಾರ್ಟ್‌ಫೋನು, ಕೈಯಲ್ಲಿ ದುಡ್ಡು ಇದ್ದವರಿಗೆ ಆ್ಯಪ್ ಇದೆ. ಗಡುವಿನ ಪೆಟ್ಟು ಬೀಳುವುದು ನಡೆದು ಬಂದು ತಿನ್ನುವವರಿಗೆ ಮಾತ್ರ.

ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಜಗತ್ತಿನಲ್ಲೇ ಉದ್ದದ್ದು ಅಂತ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಪಡಬೇಕಾದದ್ದೇ. ಆದರೆ ಇಷ್ಟು ದೊಡ್ಡ ಜಂಕ್ಷನ್ ಇರುವ ಊರಲ್ಲಿ ತಡರಾತ್ರಿ ಇಳಿದವರಿಗೆ ಸೋವಿಯಲ್ಲಿ ಬಿಸಿ ಊಟ ಸಿಗುವುದು ಕಷ್ಟ ಆಗಬಾರದು.

ದುರ್ಗದಬೈಲೇ ಯಾಕೆ ಅಂತ ಕೇಳಬಹುದು. ಅಲ್ಲಿನ ತಿಂಡಿ ಅಲ್ಲೇ ನಿಂತು ತಿನ್ನುವಂಥದ್ದು. ಗಿರ್ಮಿಟ್ ಹಚ್ಚುವುದನ್ನು ಹತ್ತಿರ ನಿಂತು ನೋಡಿದ್ದೀರಾ? ಬುಟ್ಟಿಯಿಂದ ಚುರುಮುರಿ ಪಾತ್ರೆಗೆ ಬೀಳುತ್ತದೆ. ಒಗ್ಗರಣೆ ಹಾಕಿದ ಹುಣಸೆ-ಬೆಲ್ಲದ ಗೊಜ್ಜು ಮೇಲೆ ಬರುತ್ತದೆ. ಕೈ ನಿಲ್ಲುವುದೇ ಇಲ್ಲ. ಹಸಿ ಉಳ್ಳಾಗಡ್ಡಿ, ಟೊಮೆಟೊ, ಪುಟಾಣಿ ಹಿಟ್ಟು, ಕೊತ್ತಂಬರಿ, ಮೇಲೆ ಒಂದು ಹಿಡಿ ಸೇವು. ಬದಿಗೆ ಉಪ್ಪು ಹಚ್ಚಿ ಕರಿದ ಹಸಿಮೆಣಸಿನಕಾಯಿ, ಇಲ್ಲವೇ ಬಾಣಲೆಯಿಂದ ಆಗಷ್ಟೇ ತೆಗೆದ ಮಿರ್ಚಿ. ಸ್ವಲ್ಪ ತಡಮಾಡಿದರೆ ಚುರುಮುರಿ ಮೆತ್ತಗಾಗಿ ರುಚಿ ಹೋಗುತ್ತದೆ. ಪಾರ್ಸೆಲ್ಲಿಗೆ ಒಗ್ಗುವ ತಿಂಡಿ ಅಲ್ಲ ಅದು. ಮಾಡುವವರೂ ತಿನ್ನುವವರೂ ಒಂದೇ ಕಡೆ ನಿಲ್ಲಬೇಕು. ಹೀಗಾಗಿ ಅಲ್ಲಿ ವಕೀಲರೂ ಹಮಾಲರೂ ಪಕ್ಕಪಕ್ಕ ನಿಂತು ತಿನ್ನುತ್ತಾರೆ. ಇಂಥ ಜಾಗ ಊರಲ್ಲಿ ಇನ್ನೆಷ್ಟಿವೆ ಹೇಳಿ.

ಗಾಡಿಯವರ ಲೆಕ್ಕವನ್ನೂ ನೋಡಬೇಕು. ಸಂಜೆ ಗಾಡಿ ಹಚ್ಚಿ, ಒಲೆ ಹೊತ್ತಿಸಿ, ಗಿರಾಕಿ ಗಟ್ಟಿಯಾಗುವುದು ಎಂಟರ ಮೇಲೆ. ಹತ್ತೂವರೆಗೆ ಕೈ ಕಟ್ಟಿ ಅಂದರೆ ನಿಜವಾದ ವ್ಯಾಪಾರ ಎರಡೂವರೆ ತಾಸು. ನಡುವೆ ಒಂದು ಮಳೆ ಬಂದರೆ ಕಲಸಿದ ಹಿಟ್ಟು ಚೆಲ್ಲುವುದೇ. ಕೊರೊನಾ ಹೊತ್ತಲ್ಲಿ, 2020ರಲ್ಲಿ, ಬೀದಿ ವ್ಯಾಪಾರಿಗಳಿಗೆ ಅಂತ ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಯೋಜನೆ ತಂದಿತು. ಆಗ ಮೊದಲ ಸಾಲ 10,000 ರೂಪಾಯಿ ಇತ್ತು. ಸಾಲ ಕೊಟ್ಟರೆ ಸಾಕಾ? ತೀರಿಸೋಕೆ ವ್ಯಾಪಾರದ ಹೊತ್ತೂ ಬೇಕಲ್ವಾ?

ಇದೇನು ಹೊಸ ಬೇಡಿಕೆ ಅಲ್ಲ. 2024ರ ರಾಜ್ಯ ಬಜೆಟ್‌ನಲ್ಲೇ ಬೆಂಗಳೂರಿನ ಜೊತೆ ಇನ್ನೂ 10 ನಗರ ಪಾಲಿಕೆಗಳಲ್ಲಿ ರಾತ್ರಿ ಒಂದರ ತನಕ ವ್ಯಾಪಾರಕ್ಕೆ ಅವಕಾಶ ಕೊಡುವ ಮಾತು ಬಂದಿತ್ತು. ಮಾತು ಮೇಲಿದ್ದರೆ ಸಾಲದು, ಗಾಡಿಯ ತನಕ ಇಳಿಯಬೇಕು. ಇವತ್ತು ಹತ್ತೂವರೆ, ನಾಳೆ ಹನ್ನೊಂದೂಕಾಲು ಅನ್ನೋ ಹಾಗೆ ಇರಬಾರದು. ಸಮಯ ಬರೆದು ಬೋರ್ಡ್ ಹಾಕಲಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಅಲ್ಲೇ ಕೂತು ಮಾತಾಡಿ ಇದನ್ನು ತೀರ್ಮಾನಿಸಬಹುದು.

ರಾತ್ರಿ ಜಾಗರಣೆ ನಮ್ಮ ಸಂಸ್ಕೃತಿ ಅಲ್ಲ ಅನ್ನುವವರ ಮಾತು ಕೇಳಿದರೆ ನನಗೆ ಬೇಜಾರಾಗುತ್ತದೆ. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ಬೆಳಗಿನ ತನಕ ಸಂಗೀತ ಕೇಳಿದ ನಾಡು ಇದು. ಜಾತ್ರೆಯಲ್ಲಿ ಕಂಪನಿ ನಾಟಕ ನೋಡಿ, ನಡುರಾತ್ರಿ ಚಹಾ ಕುಡಿದು ಮನೆಗೆ ಹೋದ ಅಜ್ಜ-ಅಜ್ಜಿಯರ ಮೊಮ್ಮಕ್ಕಳು ನಾವು. ಗಣಪತಿ ಕಳಿಸುವ ರಾತ್ರಿ ಊರೇ ಬೀದಿಯಲ್ಲಿರುತ್ತದೆ. ಇಂದೋರಿನ ಸರಾಫಾ ಬಜಾರ್ ಹಗಲು ಚಿನ್ನದ ಪೇಟೆ, ರಾತ್ರಿ ತಿಂಡಿ ಬೀದಿ. ನಡುರಾತ್ರಿ ದಾಟಿದರೂ ಮನೆಮಂದಿಯೆಲ್ಲ ಮಕ್ಕಳ ಜೊತೆ ಬಂದು ತಿನ್ನುತ್ತಾರೆ. ಆ ಊರು ಸ್ವಚ್ಛತೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲು ಬಂದಿದೆ.

ದೀಪ ಇರುವ, ನಾಲ್ಕು ಜನ ಓಡಾಡುವ ರಸ್ತೆಯಲ್ಲಿ ಡ್ಯೂಟಿ ಮುಗಿಸಿದ ಹೆಣ್ಣುಮಗಳು ಧೈರ್ಯವಾಗಿ ನಡೆಯಬಹುದು. ಎಲ್ಲ ಬಾಗಿಲು ಮುಚ್ಚಿದ ರಸ್ತೆಯಲ್ಲಿ ಅದು ಆಗುವುದಿಲ್ಲ. ಒಂದರ ತನಕ ಬಿಡಿ, ಧ್ವನಿವರ್ಧಕ ಬೇಡ ಅನ್ನಿ, ಕಸದ ಹೊಣೆ ಗಾಡಿಯವರ ಮೇಲೆ ಹಾಕಿ. ಒಂದು ವರ್ಷ ನಡೆಸಿ ನೋಡೋಣ.

ವಿರೋಧ: ಹಂಚಿನ ಮುಂದೆ ಕೂತವರನ್ನು ಯಾರು ಕೇಳಿದರು?

ಒಂದಕ್ಕೆ ಬಂದ್ ಅಂದರೆ ಒಂದಕ್ಕೆ ಮನೆಗೆ ಹೋಗುವುದು ಅಂತ ಅಲ್ಲ. ಇದನ್ನು ತಿನ್ನೋಕೆ ಬರುವವರು ಯೋಚಿಸುವುದೇ ಇಲ್ಲ.

ದುರ್ಗದಬೈಲ್ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಕೊನೆಯ ಗಿರಾಕಿ ಕೈ ತೊಳೆದು ಹೋದ ಮೇಲೆ ಏನೇನು ನಡೆಯುತ್ತದೆ ಅಂತ ಕಿಟಕಿಯಿಂದ ಕಾಣುತ್ತದೆ. ಬಾಣಲೆ ಎಣ್ಣೆ ಸುಡುತ್ತಿರುತ್ತದೆ, ಅದು ಆರುವ ತನಕ ಗಾಡಿ ಅಲ್ಲಾಡಿಸುವ ಹಾಗಿಲ್ಲ. ಅಷ್ಟರಲ್ಲಿ ತಟ್ಟೆ, ಪಾತ್ರೆ, ಜಾಲರಿ ಸೌಟು ತಿಕ್ಕುತ್ತಾರೆ. ಬಕೆಟ್ ನೀರಲ್ಲೇ ಎಲ್ಲ. ಎಣ್ಣೆ ಡಬ್ಬಿಗೆ ಬಗ್ಗಿಸಬೇಕು, ಸಿಲಿಂಡರ್ ಬಿಚ್ಚಬೇಕು, ಕೆಳಗೆ ಬಿದ್ದ ಉಳ್ಳಾಗಡ್ಡಿ ಸಿಪ್ಪೆ ಗುಡಿಸಬೇಕು. ಆಮೇಲೆ ಗಾಡಿ ತಳ್ಳಿಕೊಂಡು ಹೋಗಿ ನಿಲ್ಲಿಸಬೇಕು. ಇದೆಲ್ಲ ಈಗ ಹನ್ನೆರಡರ ಸುಮಾರಿಗೆ ಮುಗಿಯುತ್ತದೆ. ಗಡುವು ಒಂದಕ್ಕೆ ಹೋದರೆ ಎರಡೂವರೆ ಆಗುತ್ತದೆ. ಆ ಹೊತ್ತಿಗೆ ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ ಇರುವುದಿಲ್ಲ. ಬೆಳಗ್ಗೆ ಮತ್ತೆ ಸಂತೆ, ಮೆಣಸಿನಕಾಯಿ ಸೀಳುವುದು, ಗೊಜ್ಜು ಕುದಿಸುವುದು. ನಿದ್ದೆ ಯಾವಾಗ ಮಾಡಬೇಕು ಅವರು?

ಖಾನಾವಳಿಗಳಲ್ಲಿ ಇದು ಇನ್ನೂ ಕಷ್ಟ. ನಮ್ಮ ಕಡೆ ಲಿಂಗಾಯತ ಖಾನಾವಳಿ ಇರಲಿ, ಸಾವಜಿ ಖಾನಾವಳಿ ಇರಲಿ, ಊಟದ ಬಲ ಇರುವುದು ರೊಟ್ಟಿಯಲ್ಲಿ. ಜೋಳದ ರೊಟ್ಟಿ ಬಿಸಿ ಇರಬೇಕು, ಮೆತ್ತಗಿರಬೇಕು. ಒಳಗೆ ಒಲೆ ಮುಂದೆ ಕೂತು ಅದನ್ನು ಬಡಿಯುವವರು ಹೆಣ್ಣುಮಕ್ಕಳು. ಕುದಿಯುವ ನೀರು ಹಾಕಿ ಹಿಟ್ಟು ನಾದಿ, ಅಂಗೈಯಿಂದ ತಟ್ಟಿ, ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ಮೇಲೆ ನೀರು ಸವರಿ, ತಿರುವಿ ಹಾಕಿ. ಒಂದಾದ ಮೇಲೆ ಒಂದು. ಹೊರಗೆ ಕೂತವರು "ಇನ್ನೊಂದು ಬಿಸಿ ರೊಟ್ಟಿ" ಅಂತ ಕೂಗಿದಷ್ಟೂ ಅವರು ಬೆನ್ನು ನೆಟ್ಟಗೆ ಮಾಡುವ ಹಾಗಿಲ್ಲ. ನಮ್ಮ ಪರಿಚಯದ ಒಬ್ಬರನ್ನು ಕೇಳಿದೆ, ತಡರಾತ್ರಿ ತನಕ ಇದ್ದರೆ ನಡೆಯುತ್ತದಾ ಅಂತ. "ಗಿರಾಕಿ ಇರೋ ತನಕಾ ಹಂಚು ಇಳಸಂಗಿಲ್ರೀ ಅಕ್ಕಾರ. ಮನ್ಯಾಗಿನ ಒಲಿ ಯಾರ್ ಹಚ್ಚಬೇಕ್ರಿ?" ಅಂದರು. ಅವರ ಮಗಳಿಗೆ ಬೆಳಗ್ಗೆ ಏಳೂವರೆಗೆ ಶಾಲೆ ಬಸ್.

ಕಾನೂನು ಇವರನ್ನು ಕಾಯುತ್ತದೆ ಅನ್ನಬಹುದು. 2021ರ ಜನವರಿಯಲ್ಲಿ ರಾಜ್ಯ ಸರ್ಕಾರ 24 ತಾಸು ಅಂಗಡಿ ತೆರೆಯಲು ಅನುಮತಿ ಕೊಟ್ಟಾಗ ಷರತ್ತುಗಳಿದ್ದವು. ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಕೆಲಸ, ವಾರಕ್ಕೊಂದು ರಜೆ, ರಾತ್ರಿ ಎಂಟರ ನಂತರ ದುಡಿಸಬೇಕಾದರೆ ಹೆಣ್ಣುಮಕ್ಕಳ ಲಿಖಿತ ಒಪ್ಪಿಗೆ. ಒಳ್ಳೆಯ ಷರತ್ತುಗಳು. ಆದರೆ ಆ ಅನುಮತಿ ಇದ್ದದ್ದು 10 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಅಂಗಡಿಗಳಿಗೆ. ಇಲ್ಲಿನ ಒಂದು ಗಾಡಿಯಲ್ಲಿರುವುದು ಮೂರು ಜನ: ಗಂಡ, ಹೆಂಡತಿ, ತಟ್ಟೆ ತೊಳೆಯುವ ಒಬ್ಬ ಹುಡುಗ. ಅಲ್ಲಿ ಶಿಫ್ಟ್ ಎಲ್ಲಿಂದ ಬರಬೇಕು? ದೊಡ್ಡ ಹೋಟೆಲಿಗೆ ಎರಡು ಪಾಳಿ ಮಾಡುವ ಶಕ್ತಿ ಇದೆ. ಗಾಡಿಯವರು ಅದೇ ಮೈ ದಂಡಿಸಬೇಕು. ಪಕ್ಕದ ಗಾಡಿ ಒಂದರ ತನಕ ಇದ್ದರೆ ಇವರೂ ಇರಲೇಬೇಕು, ಇಲ್ಲದಿದ್ದರೆ ಗಿರಾಕಿ ಕೈತಪ್ಪುತ್ತದೆ. ಅವಕಾಶ ಅಂತ ಕೊಟ್ಟದ್ದು ಹೀಗೆ ಕಡ್ಡಾಯ ಆಗಿಬಿಡುತ್ತದೆ. ನನ್ನ ದೊಡ್ಡ ತಕರಾರು ಇದೇ.

ಇನ್ನು ಓಣಿಯವರ ಮಾತು. ಶಬ್ದ ಮಾಲಿನ್ಯ ನಿಯಮ 2000ರಿಂದ ಇದೆ. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಮನೆಗಳಿರುವ ಕಡೆ ಮಿತಿ 45 ಡೆಸಿಬೆಲ್. ಬೈಕ್ ಸ್ಟಾರ್ಟ್ ಮಾಡಿದರೇ ಅದು ದಾಟುತ್ತದೆ. ಹಳೇ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಪೇಟೆ ಬೇರೆ, ವಸತಿ ಬೇರೆ ಅಂತ ಗೆರೆ ಎಳೆಯುವ ಹಾಗಿಲ್ಲ. ಧ್ವನಿವರ್ಧಕ ಬೇಡ ಅಂದರೆ ಸಾಕು ಅನ್ನುವವರಿಗೆ ಗೊತ್ತಿರಲಿ, ನಿದ್ದೆ ಕೆಡಿಸುವುದು ಹಾರ್ನು, ಗುಂಪಿನ ನಗು, ತವಾ ಮೇಲೆ ಬಡಿಯುವ ಕಬ್ಬಿಣದ ಸದ್ದು. ನಮ್ಮಲ್ಲಿ ನಳ ದಿನಾ ಬರುವುದಿಲ್ಲ, ಬಂದರೂ ಹೊತ್ತಲ್ಲದ ಹೊತ್ತಿನಲ್ಲಿ. ನಳ ಬಂತು ಅಂದರೆ ಎದ್ದು ನೀರು ತುಂಬಲೇಬೇಕು. ಆ ನಡುವೆ ಸಿಗುವ ನಾಲ್ಕು ತಾಸು ನಿದ್ದೆ ನಮಗೆ ದೊಡ್ಡದು.

ಊಟ ಬೇರೆ, ಕುಡಿತ ಬೇರೆ ಅನ್ನುವ ಮಾತು ಕಾಗದದ ಮೇಲೆ ಚಂದ. ವೈನ್ ಶಾಪಿನಲ್ಲಿ ಕೊಳ್ಳಬಹುದು, ಅಲ್ಲೇ ಕೂತು ಕುಡಿಯುವ ಹಾಗಿಲ್ಲ. ಕೊಂಡವರು ಎಲ್ಲಿ ಕುಡಿಯುತ್ತಾರೆ? ಎಗ್ ರೈಸ್ ಗಾಡಿಯ ಕತ್ತಲೆ ಬದಿಯಲ್ಲಿ. ಬಾರ್ ಬಾಗಿಲು ಹಾಕಿದ ಮೇಲೆ ಎಲ್ಲಿಗೆ ಬರುತ್ತಾರೆ? ಬೆಳಕಿರುವ ಗಾಡಿಗೆ. ಬೇಡ ಅನ್ನೋಕೆ ಗಾಡಿಯವರಿಗೆ ಭಯ. ಜಗಳ ಆದರೆ ಒಡೆಯುವುದು ಅವರ ಪಾತ್ರೆ. ಆ ಹೊತ್ತಿನಲ್ಲಿ ಅಲ್ಲಿ ಕಿಮ್ಸ್‌ನ ಪೇಷಂಟ್ ಮನೆಯವರು ನೆಮ್ಮದಿಯಿಂದ ನಿಂತು ಊಟ ಮಾಡುತ್ತಾರಾ? ನನಗೆ ಅನ್ನಿಸುವುದಿಲ್ಲ.

ತಪಾಸಣೆಯ ಮಾತೂ ಇದೆ. 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದರು. ಪರೀಕ್ಷೆ ಮಾಡಿದ 171 ಮಾದರಿಗಳಲ್ಲಿ 107 ತಿನ್ನೋಕೆ ಯೋಗ್ಯವಲ್ಲ ಅಂತ ಬಂದಿತ್ತು. ಹಗಲಲ್ಲೇ ಹೀಗಿದ್ದರೆ, ನಡುರಾತ್ರಿ ಮೂರನೇ ಸಲ ಕಾದ ಎಣ್ಣೆಯನ್ನು ಯಾರು ಬಂದು ನೋಡುತ್ತಾರೆ?

ಕುಂದಗೋಳದ ಅಹೋರಾತ್ರಿ ಸಂಗೀತ ನನಗೂ ಪ್ರೀತಿಯದು. ಆದರೆ ಅದು ವರ್ಷಕ್ಕೊಮ್ಮೆ. ಗಣಪತಿ ಕಳಿಸುವ ರಾತ್ರಿ ನಾವೂ ಎದ್ದೇ ಇರುತ್ತೇವೆ, ಖುಷಿಯಿಂದ. ಹಬ್ಬದ ಜಾಗರಣೆಯನ್ನು ದಿನದ ರೂಢಿಗೆ ಹೋಲಿಸಬೇಡಿ.

ರಾತ್ರಿ ದುಡಿಯುವವರ ಹಸಿವು ನಿಜ. ಅದಕ್ಕೆ ದಾರಿ ಇದೆ, ಓಣಿಯ ನಿದ್ದೆ ಕೆಡಿಸದೆ. ಇಂದಿರಾ ಕ್ಯಾಂಟೀನ್ ಹುಬ್ಬಳ್ಳಿಯಲ್ಲೂ ಇವೆ. 10 ರೂಪಾಯಿಗೆ ಊಟ ಕೊಡುತ್ತವೆ. ಕಿಮ್ಸ್ ಕಡೆ, ರೈಲ್ವೆ ಸ್ಟೇಷನ್ ಕಡೆ, ಅಮರಗೋಳದ ಕಡೆ ಒಂದೊಂದನ್ನು ರಾತ್ರಿ ಪೂರ್ತಿ ನಡೆಸಲಿ. ಪಾಳಿ ಮೇಲೆ ಕೆಲಸಗಾರರನ್ನು ಹಾಕಲಿ, ಸಂಬಳ ಕೊಡಲಿ. ಹಸಿದವರು ಇರುವ ಕಡೆಗೇ ಊಟ ಹೋಗುತ್ತದೆ. ಆಸ್ಪತ್ರೆಯಿಂದ ಹೊರಬಿದ್ದ ಮುದುಕಿ ಆಟೋ ಮಾಡಿಕೊಂಡು ದುರ್ಗದಬೈಲ್ ಹುಡುಕಿಕೊಂಡು ಬರಬೇಕಾಗಿಲ್ಲ.

ದುರ್ಗದಬೈಲ್‌ಗೆ ಹನ್ನೊಂದು ಗಂಟೆ ಸಾಕು. ಆ ಹನ್ನೊಂದನ್ನು ಬೋರ್ಡಿನ ಮೇಲೆ ಬರೆಯಲಿ, ಯಾರೂ ಹತ್ತೂವರೆಗೇ ಬಂದು ಎಬ್ಬಿಸದಿರಲಿ. ಆ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸಮಯ ಬದಲಿಸುವ ಸಭೆ ಕರೆದರೆ ಖಾನಾವಳಿ ಮಾಲೀಕರ ಜೊತೆ ರೊಟ್ಟಿ ಬಡಿಯುವವರನ್ನೂ ಕರೆಯಬೇಕು. ಸಭೆ ಮಧ್ಯಾಹ್ನ ನಾಲ್ಕಕ್ಕೆ ಇಡಿ. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ಹಿಟ್ಟು ನಾದುವ ಮುಂಚೆ ಅವರಿಗೆ ಬಿಡುವು ಇರುವುದು ಆಗ ಮಾತ್ರ.